ಬೇರೆಯವರ ಹಾಡಿಗೆ ಗಿಟಾರ್ ನುಡಿಸುವುದು: ಸೆಷನ್ ಕೆಲಸಕ್ಕೆ ತಯಾರಾಗುವ ಬಗೆ

ನನ್ನ ಮೊದಲ ಸೆಷನ್‌ನಲ್ಲಿ ಹಾಡಿಗೆ ಉಳಿದದ್ದು ನಾಲ್ಕೇ ನಾಲ್ಕು ಸ್ವರ. ಅದಕ್ಕೂ ಮುಂಚೆ ನಲವತ್ತು ನಿಮಿಷ ನಾನು ಏನೇನೋ ನುಡಿಸಿದ್ದೆ. ವಾರವಿಡೀ ಕೂತು ಪಳಗಿಸಿಕೊಂಡಿದ್ದ ವೇಗದ ಓಟಗಳನ್ನೆಲ್ಲ ಒಂದೊಂದಾಗಿ ಹಾಕಿದ್ದೆ. ಗಾಜಿನ ಆಚೆ, ಹಾಡಿಗೆ ವಾದ್ಯಗಳನ್ನು ಹೊಂದಿಸುವ ಅರೇಂಜರ್ ತಾಳ್ಮೆಯಿಂದ ಕೇಳಿಸಿಕೊಂಡರು. ಕೊನೆಗೆ ಹೆಡ್‌ಫೋನ್‌ನಲ್ಲಿ ಅವರ ದನಿ ಬಂತು: "ಹಾಡುವವರು ಉಸಿರು ತಗೊಳ್ಳೋ ಜಾಗ ಇದೆಯಲ್ಲ, ಅಲ್ಲಿ ಮಾತ್ರ ನುಡಿಸಿ ನೋಡೋಣ." ಆ ಜಾಗ ಹುಡುಕಿದೆ. ನಾಲ್ಕು ಸ್ವರ ಹಿಡಿಯುವಷ್ಟು ಎಡೆ ಇತ್ತು. ಎರಡನೇ ಟೇಕ್ ಓಕೆ ಆಯಿತು.

ಅವತ್ತು ಮನೆಗೆ ಬರುವಾಗ ಬೇಜಾರಾಗಿತ್ತು. ಹಾಡು ಹೊರಬಂದ ಮೇಲೆ ಕೂತು ಕೇಳಿದೆ. ಆ ನಾಲ್ಕು ಸ್ವರ ತೆಗೆದರೆ ಪಲ್ಲವಿಯ ಎರಡನೇ ಸಾಲು ಬೋಳಾಗುತ್ತಿತ್ತು. ಅರೇಂಜರ್‌ಗೆ ಮೊದಲೇ ಕೇಳಿಸಿದ್ದು ನನಗೆ ಮೂರು ತಿಂಗಳ ನಂತರ ಕೇಳಿಸಿತು.

ಈಗ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಬರುವವರು ನನ್ನನ್ನು ಕೇಳುವುದು ಯಾವ ಗಿಟಾರ್ ಕೊಳ್ಳಬೇಕು, ಯಾವ ಪೆಡಲ್ ಬೇಕು, ಎಷ್ಟು ವೇಗ ಬೇಕು ಅಂತ. ನಾನು ಹೇಳುವುದು ಬೇರೆ. ಸ್ಟುಡಿಯೋದಲ್ಲಿ ಕೂತವರ ತಲೆಯಲ್ಲಿ ಹತ್ತಾರು ಚಿಂತೆ ಇರುತ್ತವೆ. ಗಾಯಕರ ಗಂಟಲು, ಓಡುತ್ತಿರುವ ಗಡಿಯಾರ, ಇನ್ನೂ ಬರೆದು ಮುಗಿಯದ ಚರಣ. ನಿಮ್ಮನ್ನು ಕರೆಸುವುದು ಅವುಗಳಲ್ಲಿ ಒಂದು ಚಿಂತೆ ಕಳೆಯಲಿಕ್ಕೆ. "ಗಿಟಾರ್ ವಿಷಯ ಬಿಡಿ, ಅದು ಆಗುತ್ತೆ" ಎಂದು ಅವರು ನಿಶ್ಚಿಂತೆಯಿಂದ ಮುಂದಿನ ಕೆಲಸಕ್ಕೆ ಹೋಗುವಂತಿರಬೇಕು. ಇಲ್ಲಿ ಬರೆದಿರುವುದೆಲ್ಲ ಅದಕ್ಕೆ ಬೇಕಾದ ತಯಾರಿ.

ಮೊದಲು ಲಯ

ಹೊಸಬರಲ್ಲಿ ಬೆರಳು ಚುರುಕಿಲ್ಲದವರು ಕಡಿಮೆ. ಲಯ ನಿಲ್ಲದವರು ಜಾಸ್ತಿ. ಒಬ್ಬರೇ ಕೂತು ನುಡಿಸುವಾಗ ಇದು ಗೊತ್ತಾಗುವುದಿಲ್ಲ. ರೆಕಾರ್ಡ್ ಮಾಡಿ, ತೆರೆಯ ಮೇಲೆ ಆ ಅಲೆಯನ್ನು ದೊಡ್ಡದು ಮಾಡಿ ನೋಡಿದಾಗ ಗೊತ್ತಾಗುತ್ತದೆ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಅದನ್ನು ನಾಲ್ಕು ಭಾಗ ಮಾಡಿದರೆ ಒಂದೊಂದಕ್ಕೆ 125. ಅಷ್ಟು ಚಿಕ್ಕ ಜಾಗದಲ್ಲಿ ನೀವು 30 ಮಿಲಿಸೆಕೆಂಡ್ ಮುಂದೆ ಬಿದ್ದರೂ ಡ್ರಮ್ಸ್ ಒಂದು ಕಡೆ, ಗಿಟಾರ್ ಒಂದು ಕಡೆ ಆಗುತ್ತದೆ. ಕೇಳುವವರಿಗೆ ಕಾರಣ ತಿಳಿಯದು. ಏನೋ ಸರಿ ಇಲ್ಲ ಅಂತ ಮಾತ್ರ ಅನಿಸುತ್ತದೆ.

ನಾನು ಇವತ್ತಿಗೂ ಮಾಡುವ ಅಭ್ಯಾಸ ಇದು. ಎರಡೇ ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಎರಡು ಗುಂಪು ತೆಗೆದುಕೊಳ್ಳಿ. ತಾಳ ತೋರಿಸುವ ಟಿಕ್ ಟಿಕ್ ಸದ್ದನ್ನು, ಅಂದರೆ ಕ್ಲಿಕ್ ಅನ್ನು, ನಿಮಿಷಕ್ಕೆ 80ಕ್ಕೆ ಇಟ್ಟು ನಾಲ್ಕು ನಿಮಿಷ ಸುಮ್ನೆ ಸ್ಟ್ರಮ್ ಮಾಡಿ. ಆಮೇಲೆ ನುಡಿಸುವ ವೇಗ ಅದೇ ಇರಲಿ, ಕ್ಲಿಕ್ ಅನ್ನು ಮಾತ್ರ 40ಕ್ಕೆ ಇಳಿಸಿ. ಆ ಕ್ಲಿಕ್ ಈಗ ಎರಡನೇ ಮತ್ತು ನಾಲ್ಕನೇ ಬೀಟ್ ಮೇಲೆ ಬೀಳುತ್ತಿದೆ ಅಂತ ಲೆಕ್ಕ ಹಿಡಿಯಿರಿ. ಅದು ಸಲೀಸಾದ ಮೇಲೆ 20ಕ್ಕೆ ಇಳಿಸಿ. ಒಂದು ಬಾರ್‌ಗೆ, ಅಂದರೆ ಇಲ್ಲಿ ನಾಲ್ಕು ಬೀಟ್‌ಗೆ, ಒಂದೇ ಕ್ಲಿಕ್. ಮಧ್ಯದ ಮೂರು ಬೀಟ್ ನಿಮ್ಮ ಒಳಗಿನಿಂದ ಬರಬೇಕು. ಕೊನೆಗೆ ಎರಡು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಎಲ್ಲಿ ಓಡಿದಿರಿ, ಎಲ್ಲಿ ಎಳೆದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ವಾರ ಕಳೆದ ಮೇಲೆ ನೋಡಿದರೆ ತಪ್ಪುಗಳು ಒಂದೇ ಜಾಗದಲ್ಲಿ ಗುಂಪಾಗಿರುತ್ತವೆ. ನಾನು ಚರಣ ಮುಗಿದು ಪಲ್ಲವಿಗೆ ಬರುವ ಬಾರ್‌ನಲ್ಲಿ ಪ್ರತಿಸಲ ಓಡುತ್ತಿದ್ದೆ. ಪಲ್ಲವಿ ಬಂತು ಅನ್ನುವ ಖುಷಿಗೆ ಕೈ ಮುಂದೆ ಹೋಗುತ್ತಿತ್ತು. ಕಾರಣ ತಿಳಿದ ಮೇಲೂ ಅದನ್ನು ತಿದ್ದಿಕೊಳ್ಳಲು ಒಂದು ವರ್ಷ ಹಿಡಿಯಿತು.

ನಿಧಾನದ ಹಾಡು ಸುಲಭ ಅಂದುಕೊಳ್ಳಬೇಡಿ. ನಿಮಿಷಕ್ಕೆ 55, 60 ಬೀಟ್‌ನಲ್ಲಿ ಒಂದು ಬೀಟ್‌ನಿಂದ ಇನ್ನೊಂದಕ್ಕೆ ಒಂದು ಸೆಕೆಂಡೋ, ಅದಕ್ಕಿಂತ ಜಾಸ್ತಿಯೋ ಕಾಯಬೇಕು. ಆ ಕಾಯುವಿಕೆಯಲ್ಲೇ ಕೈ ತಪ್ಪುವುದು.

ಸ್ವರ ಯಾವಾಗ ಶುರುವಾಯಿತು ಅನ್ನುವಷ್ಟೇ ಮುಖ್ಯ ಯಾವಾಗ ನಿಂತಿತು ಅನ್ನುವುದು. ಇದರ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಕಾರ್ಡ್ ಬಾರಿಸಿ ಬೆರಳು ಸಡಿಲ ಮಾಡಿದರೆ ದನಿ ಕತ್ತರಿಸುತ್ತದೆ. ಆ ಕತ್ತರಿ ಸ್ನೇರ್ ಡ್ರಮ್‌ನ ಮೇಲೆ ಸರಿಯಾಗಿ ಬಿದ್ದರೆ ಇಡೀ ಹಾಡು ಬಿಗಿಯಾಗುತ್ತದೆ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ರಾಬರ್ಟ್ ವೈಟ್, ಎಡ್ಡೀ ವಿಲ್ಲಿಸ್, ಜೋ ಮೆಸ್ಸಿನಾ ಎಂಬ ಮೂವರು ಗಿಟಾರ್ ವಾದಕರು ಒಟ್ಟಿಗೆ ಕೂತು ನುಡಿಸುತ್ತಿದ್ದರು. ಮೂರು ಗಿಟಾರ್ ಇದ್ದೂ ಗಲಾಟೆ ಅನಿಸುವುದಿಲ್ಲ. ಮೆಸ್ಸಿನಾ ಎರಡನೇ, ನಾಲ್ಕನೇ ಬೀಟ್ ಮೇಲೆ ಚಿಕ್ಕ ಕಾರ್ಡ್ ಹೊಡೆದು ನಿಲ್ಲಿಸುತ್ತಿದ್ದರು. ಉಳಿದವರು ಬೇರೆ ಜಾಗ ಹಿಡಿಯುತ್ತಿದ್ದರು. 1964ರ 'ಮೈ ಗರ್ಲ್' ಹಾಡಿನ ಶುರುವಿನಲ್ಲಿ ವೈಟ್ ನುಡಿಸಿದ್ದು ಮೇಲಕ್ಕೆ ಏರುವ ಆರು ಸ್ವರ, ಅಷ್ಟೇ. ಕಲಿಯುವ ಮೊದಲ ತಿಂಗಳಲ್ಲೇ ಬೆರಳಿಗೆ ಸಿಗುವ ಸ್ವರಗಳು ಅವು. ಅವು ಕೂತಿರುವ ರೀತಿ ಕೇಳಿ. ಒಂದೂ ಅವಸರದಲ್ಲಿ ಇಲ್ಲ.

ಕಾಗದ ಓದುವುದು, ಕಿವಿಯಿಂದ ಬರೆಯುವುದು

ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಬರಲೇಬೇಕಾ? ಬಂದರೆ ನಿಮಗೆ ಸಿಗುವ ಕೆಲಸದ ಬಾಗಿಲು ಅಗಲವಾಗುತ್ತದೆ. ಆರ್ಕೆಸ್ಟ್ರಾ ಜೊತೆ ಹಿನ್ನೆಲೆ ಸಂಗೀತ ನುಡಿಸುವಾಗ ಕಾಗದ ಮುಂದೆ ಇಟ್ಟು, ರೆಕಾರ್ಡಿಂಗ್ ಶುರು ಅನ್ನುವ ಕೆಂಪು ದೀಪ ಹಾಕಿಬಿಡುತ್ತಾರೆ. ಅಲ್ಲಿ ಕಲಿಯಲು ಸಮಯ ಇರುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ, ಹಿಂದೆಂದೂ ನೋಡದ ಒಂದು ಪುಟ ಓದಿ. ಅದೇ ಪುಟವನ್ನು ಮರುದಿನ ಓದಬೇಡಿ. ಎರಡನೇ ಸಲಕ್ಕೆ ಅದು ಓದು ಆಗುವುದಿಲ್ಲ, ನೆನಪು ಆಗುತ್ತದೆ. ಇನ್ನೊಂದು ವಿಷಯ ನೆನಪಿರಲಿ. ಗಿಟಾರ್‌ಗೆ ಬರೆದದ್ದು ಕೇಳಿಸುವುದಕ್ಕಿಂತ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಮೇಲೆ ಇರುತ್ತದೆ. ಪಿಯಾನೋದವರ ಕಾಗದ ನಿಮ್ಮ ಕೈಗೆ ಬಂದರೆ ಯಾವ ಆಕ್ಟೇವ್ ಅಂತ ಕೇಳಿಯೇ ನುಡಿಸಿ.

ಹಾಡುಗಳ ಸೆಷನ್‌ನಲ್ಲಿ ಇದಕ್ಕಿಂತ ಹೆಚ್ಚು ಕಾಣುವುದು ಕಾರ್ಡ್ ಚಾರ್ಟ್. ಇಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನ ನಂಬರ್ ಪದ್ಧತಿ ಕಲಿಯಿರಿ. 1950ರ ದಶಕದ ಕೊನೆಯಲ್ಲಿ ಜಾರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಜೂನಿಯರ್ ಇದನ್ನು ಶುರು ಮಾಡಿದರು. ಆಮೇಲೆ ಚಾರ್ಲಿ ಮೆಕಾಯ್ ಮತ್ತು ಅಲ್ಲಿನ ವಾದಕರು ಬೆಳೆಸಿದರು. ಕಾರ್ಡ್‌ಗೆ ಹೆಸರಿನ ಬದಲು ಅಂಕಿ. ಹಾಡು ಜಿ ಶ್ರುತಿಯಲ್ಲಿದ್ದರೆ 1 ಅಂದರೆ ಜಿ, 4 ಅಂದರೆ ಸಿ, 5 ಅಂದರೆ ಡಿ. 6ರ ಪಕ್ಕ ಅಡ್ಡಗೆರೆ ಇದ್ದರೆ ಇ ಮೈನರ್. ಅಂಕಿಯ ಸುತ್ತ ವಜ್ರದ ಆಕಾರ ಬರೆದಿದ್ದರೆ ಒಂದು ಸಲ ಬಾರಿಸಿ ಪೂರ್ತಿ ಮೊಳಗಲು ಬಿಡಿ ಅಂತ ಅರ್ಥ. ಸರಿಗಮ ಕಲಿತವರಿಗೆ ಇದು ಹೊಸದೇನಲ್ಲ. ಷಡ್ಜವನ್ನು ಎಲ್ಲಿಟ್ಟರೂ ಮಧ್ಯಮ ಮಧ್ಯಮವೇ, ಪಂಚಮ ಪಂಚಮವೇ ಅಲ್ವಾ? ಇದರ ಲಾಭ ಗೊತ್ತಾಗುವುದು ಗಾಯಕರು "ಇವತ್ತು ಅರ್ಧ ಮನೆ ಇಳಿಸೋಣ" ಅಂದಾಗ. ಕಾಗದದಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ಕೈ ಮಾತ್ರ ಜರುಗುತ್ತದೆ.

ಕಾಗದವೇ ಇಲ್ಲದ ಸೆಷನ್‌ಗಳೂ ಬಹಳ. ಹಾಡು ಹಾಕುತ್ತಾರೆ, ನುಡಿಸಿ ಅನ್ನುತ್ತಾರೆ. ಮೊದಲ ಸಲ ಕೇಳುವಾಗ ಗಿಟಾರ್ ಮುಟ್ಟಬೇಡಿ. ಪೆನ್ ಹಿಡಿಯಿರಿ. ಪ್ರತಿ ಭಾಗಕ್ಕೆ ಎಷ್ಟು ಬಾರ್, ಎಲ್ಲಿ ಕಾರ್ಡ್ ಬದಲಾಯಿತು, ಎಲ್ಲಿ ಎಲ್ಲರೂ ನಿಂತರು ಅಂತ ಬರೆಯಿರಿ. ಗಿಟಾರ್ ಕೈಯಲ್ಲಿದ್ದರೆ ಬೆರಳು ತಡಕಾಡುತ್ತದೆ. ಆಗ ಕಿವಿ ಹಾಡು ಬಿಟ್ಟು ಬೆರಳಿನ ಹಿಂದೆ ಹೋಗುತ್ತದೆ. ನಾನು ಹಾಡುವವರ ಉಸಿರಿನ ಜಾಗಗಳಿಗೆ ಒಂದು ಚುಕ್ಕೆ ಇಡುತ್ತೇನೆ. ಮೊದಲ ಸೆಷನ್‌ನಿಂದ ಬಂದ ಅಭ್ಯಾಸ ಅದು. ಆ ಚುಕ್ಕೆಗಳೇ ನನ್ನ ಜಾಗಗಳು.

ಏನೇನು ಜೊತೆಗಿರಬೇಕು

ಗಿಟಾರ್‌ಗಳ ರಾಶಿ ಬೇಕಿಲ್ಲ. 1962ರಲ್ಲಿ ಜೇಮ್ಸ್ ಬಾಂಡ್ ಸಂಗೀತದ ಆ ಗಿಟಾರ್ ಎಳೆಯನ್ನು ವಿಕ್ ಫ್ಲಿಕ್ ನುಡಿಸಿದ್ದು ಒಂದು ಕ್ಲಿಫರ್ಡ್ ಎಸೆಕ್ಸ್ ಗಿಟಾರ್ ಮತ್ತು ಒಂದು ಫೆಂಡರ್ ಆಂಪ್‌ನಿಂದ. ದಪ್ಪ ತಂತಿಗಳ ಮೇಲೆ, ಬಲವಾಗಿ ಮೀಟಿ. ದನಿಯ ಬಹುಪಾಲು ಕೈಯಿಂದ ಬರುತ್ತದೆ.

ಆದರೂ ಶುರು ಮಾಡಲು ಹೀಗೆ ಯೋಚಿಸಿ. ಒಂದು ಒಳ್ಳೆ ಅಕೌಸ್ಟಿಕ್. ಸಿಂಗಲ್ ಕಾಯಿಲ್ ಪಿಕಪ್ ಇರುವ ಒಂದು ಎಲೆಕ್ಟ್ರಿಕ್, ಹಂಬಕರ್ ಇರುವ ಇನ್ನೊಂದು. ಪಿಕಪ್ ಅಂದರೆ ತಂತಿಯ ಕಂಪನವನ್ನು ಹಿಡಿದು ಕರೆಂಟಾಗಿ ಮಾಡುವ ಭಾಗ; ಇವು ಅದರ ಎರಡು ಬಗೆ. ಸಿಂಗಲ್ ಕಾಯಿಲ್‌ನ ದನಿ ತೆಳು, ಸ್ಪಷ್ಟ. ಆದರೆ ಗೋಡೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಗುಂಯ್ ಶಬ್ದವನ್ನೂ ಅದು ಹಿಡಿಯುತ್ತದೆ. ಹಂಬಕರ್‌ನಲ್ಲಿ ಎರಡು ಕಾಯಿಲ್ ಒಂದಕ್ಕೊಂದು ಎದುರಾಗಿ ಇರುವುದರಿಂದ ಆ ಗುಂಯ್ ಪರಸ್ಪರ ವಜಾ ಆಗುತ್ತದೆ. ಸಿಂಗಲ್ ಕಾಯಿಲ್ ನುಡಿಸುವಾಗ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಗುಂಯ್ ತುಂಬಾ ಕಡಿಮೆ ಆಗುತ್ತದೆ. ಅಲ್ಲೇ ಕೂತು ನುಡಿಸಿ. ಎಂಜಿನಿಯರ್‌ಗಳು ಇದನ್ನು ಗಮನಿಸುತ್ತಾರೆ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ನೈಲಾನ್ ತಂತಿಯ ಗಿಟಾರ್ ಆಮೇಲೆ ಸೇರಿಸಿ. ಅದಕ್ಕೂ ಮುಂಚೆ ಒಂದು ಹಳೆಯ, ಕಡಿಮೆ ಬೆಲೆಯ ಅಕೌಸ್ಟಿಕ್‌ಗೆ ಹೈ ಸ್ಟ್ರಂಗ್ ತಂತಿ ಹಾಕಿಡಿ ಅನ್ನುತ್ತೇನೆ. ದಪ್ಪದ ನಾಲ್ಕು ತಂತಿಗಳ ಬದಲು ಒಂದು ಆಕ್ಟೇವ್ ಮೇಲೆ ಕೂರುವ ತೆಳು ತಂತಿ. ಹನ್ನೆರಡು ತಂತಿಯ ಸೆಟ್‌ನಲ್ಲಿ ಸಿಗುವ ಆ ತೆಳು ತಂತಿಗಳೇ ಇವು. ಮಾಮೂಲಿ ಅಕೌಸ್ಟಿಕ್ ಜೊತೆ ಇದನ್ನೂ ಸೇರಿಸಿ ನುಡಿಸಿದರೆ ಹಾಡಿನ ಮೇಲೆ ಬೆಳ್ಳಿ ಎಳೆದ ಹಾಗೆ ಇರುತ್ತದೆ. ಬೇಸ್ ಗಿಟಾರ್, ಕೀಬೋರ್ಡ್ ಯಾವುದಕ್ಕೂ ಅಡ್ಡ ಬರುವುದಿಲ್ಲ. ನನಗೆ ಅತಿ ಹೆಚ್ಚು ಮರುಕರೆ ತಂದ ವಾದ್ಯ ನನ್ನ ದುಬಾರಿ ಗಿಟಾರ್ ಅಲ್ಲ, ಇದು.

ಮ್ಯಾಂಡೊಲಿನ್ ಇದೆಯಾ, ಉಕುಲೆಲೆ ಇದೆಯಾ ಅಂತಲೂ ಕೇಳುತ್ತಾರೆ. ಲಾಸ್ ಏಂಜಲೀಸ್‌ನ ದೊಡ್ಡ ಸೆಷನ್ ಗಿಟಾರ್ ವಾದಕ ಟಾಮಿ ಟೆಡೆಸ್ಕೊ ಮ್ಯಾಂಡೊಲಿನ್, ಬೂಝೂಕಿಯಂಥ ವಾದ್ಯಗಳನ್ನು ಗಿಟಾರ್‌ನ ಶ್ರುತಿಗೆ ಕಟ್ಟಿಕೊಂಡು ನುಡಿಸುತ್ತಿದ್ದರು. ಬೆರಳಿಗೆ ಗೊತ್ತಿರುವ ದಾರಿಯಲ್ಲೇ ಹೊಸ ದನಿ. ನಾನೂ ಹಾಗೇ ಮಾಡುತ್ತೇನೆ. ಆ ವಾದ್ಯವನ್ನೇ ಬದುಕಾಗಿ ನುಡಿಸುವವರ ಕೈ ಬೇಕಾದ ಹಾಡಾದರೆ ಅವರನ್ನೇ ಕರೆಸಿ ಅಂತ ಹೇಳಿಬಿಡುತ್ತೇನೆ.

ಚಿಕ್ಕ ಚೀಲದ ವಿಷಯ ಈಗ. ಒಂದು ಸಲ ಹದಿನಾರು ಜನ ವಯೊಲಿನ್, ಚೆಲ್ಲೋದವರು ಕೂತಿದ್ದ ಸೆಷನ್‌ನಲ್ಲಿ ನನ್ನ ಅಕೌಸ್ಟಿಕ್‌ನ ಪ್ರೀಆಂಪ್‌ನ 9 ವೋಲ್ಟ್ ಬ್ಯಾಟರಿ ಟೇಕ್ ಮಧ್ಯೆ ಸತ್ತಿತು. ದನಿ ಒಡೆಯಿತು, ಆಮೇಲೆ ನಿಂತೇ ಹೋಯಿತು. ಬದಲಿ ಬ್ಯಾಟರಿ ನನ್ನ ಬಳಿ ಇರಲಿಲ್ಲ. ಹದಿನಾರು ಜನ ಬಿಲ್ಲು ತೊಡೆಯ ಮೇಲಿಟ್ಟು ಕಾದರು. ಯಾರೂ ಬೈಯಲಿಲ್ಲ. ಆ ಸ್ಟುಡಿಯೋದಿಂದ ಎರಡು ವರ್ಷ ಕರೆ ಬರಲಿಲ್ಲ. ಅಂದಿನಿಂದ ಚೀಲದಲ್ಲಿ ಎರಡು ಹೊಸ ಬ್ಯಾಟರಿ, ಎರಡು ಸೆಟ್ ತಂತಿ, ತಂತಿ ಕತ್ತರಿಸುವ ಇಕ್ಕಳ, ಗಿಟಾರ್ ಕುತ್ತಿಗೆಗೆ ಕಚ್ಚಿಸಿ ಶ್ರುತಿ ಏರಿಸುವ ಕೇಪೊ, ಟ್ಯೂನರ್, ಬೇರೆ ಬೇರೆ ದಪ್ಪದ ಪಿಕ್, ಸ್ಲೈಡ್, ಮೂರು ಕೇಬಲ್, ಪೆನ್ಸಿಲ್ ಮತ್ತು ಮೆತ್ತನೆಯ ಬಟ್ಟೆ ಇರುತ್ತವೆ. ಬಟ್ಟೆಯನ್ನು ಮೊದಲ ಫ್ರೆಟ್, ಅಂದರೆ ಮೊದಲ ಮನೆಯ ಬಳಿ ತಂತಿಗಳಿಗೆ ಸುತ್ತಿದರೆ ಖಾಲಿ ತಂತಿಗಳು ಮೊಳಗುವುದಿಲ್ಲ. ಒಂಟಿ ಸ್ವರಗಳ ಸಾಲು ಶುದ್ಧವಾಗಿ ಬರುತ್ತದೆ.

ಹೊಸ ತಂತಿಯನ್ನು ಸೆಷನ್ ದಿನ ಹಾಕಬೇಡಿ, ಹಿಂದಿನ ದಿನ ಹಾಕಿ, ಎಳೆದು ಪಳಗಿಸಿ. ಇಲ್ಲದಿದ್ದರೆ ದಿನವಿಡೀ ಶ್ರುತಿ ಜಾರುತ್ತದೆ.

ಕೆಂಪು ದೀಪ ಉರಿದಾಗ

ಹದಿನೈದು ನಿಮಿಷ ಮುಂಚೆ ಹೋಗಿ. ಅರ್ಧ ಗಂಟೆ ಆದರೂ ಸರಿ. ಹೋದ ಕೂಡಲೇ ಎಂಜಿನಿಯರ್ ಬಳಿ ಎರಡು ಪ್ರಶ್ನೆ ಕೇಳಿ: ಶ್ರುತಿ 440 ಹರ್ಟ್ಸ್ ತಾನೇ, ಎಲ್ಲಿಂದ ಶುರು. ಕೆಲವು ಆರ್ಕೆಸ್ಟ್ರಾಗಳು 442ಕ್ಕೆ ಕಟ್ಟಿಕೊಳ್ಳುತ್ತವೆ. ಹಳೆಯ ಪಿಯಾನೋ ಮೇಲೆ ಹಾಡು ಕಟ್ಟಿದ್ದರೆ ಟ್ಯೂನರ್ ನಂಬಬೇಡಿ. ಪಿಯಾನೋವನ್ನೇ ನಂಬಿ.

ಶ್ರುತಿ ಮಾಡುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲಿಂದ ಇಳಿಸಿ ನಿಲ್ಲಿಸಿದರೆ ತಂತಿ ಸಡಿಲಾಗಿ ಇನ್ನೂ ಇಳಿಯುತ್ತದೆ. ಪ್ರತಿ ಟೇಕ್ ಆದ ಮೇಲೆ ಒಂದು ಸಲ ನೋಡಿಕೊಳ್ಳಿ. ದೀಪ ಉರಿದ ಗಾಬರಿಗೆ ಎಡಗೈ ಬಿಗಿಯಾಗಿ ಒತ್ತುತ್ತದೆ. ಒತ್ತಿದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ. ಟ್ಯೂನರ್ ಸರಿ ಅಂದರೂ ಹಾಡಿನಲ್ಲಿ ಅಪಸ್ವರ ಕೇಳುವುದು ಬಹಳ ಸಲ ಇದಕ್ಕೇ. ನುಡಿಸುವಷ್ಟೇ ಬಲದಲ್ಲಿ ಮೀಟಿ ಶ್ರುತಿ ನೋಡಿ, ಮೆಲ್ಲಗೆ ಮೀಟಿ ಅಲ್ಲ.

ಅಕೌಸ್ಟಿಕ್‌ಗೆ ಮೈಕ್ ಇಡುವುದು ಎಂಜಿನಿಯರ್ ಕೆಲಸ. ಆದರೆ ಅದು ಹೇಗೆ ಕೇಳುತ್ತದೆ ಅಂತ ನಿಮಗೆ ತಿಳಿದಿರಬೇಕು. ಸಾಮಾನ್ಯವಾಗಿ ಹನ್ನೆರಡನೇ ಫ್ರೆಟ್ ಕಡೆಗೆ, ಒಂದು ಗೇಣಿನಷ್ಟು ಅಥವಾ ಸ್ವಲ್ಪ ಜಾಸ್ತಿ ದೂರ ಇಡುತ್ತಾರೆ. ನೇರ ರಂಧ್ರಕ್ಕೆ ಹಿಡಿದರೆ ದನಿ ಗುಡುಗುತ್ತದೆ. ನೀವು ಒಂದು ಸಲ ಕೂತ ಮೇಲೆ ಅಲ್ಲಾಡಬೇಡಿ. ನಾಲ್ಕು ಬೆರಳಷ್ಟು ಹಿಂದೆ ಸರಿದರೂ ಮೊದಲ ಟೇಕ್, ಮೂರನೇ ಟೇಕ್ ಬೇರೆ ಬೇರೆ ದನಿ ಆಗುತ್ತವೆ. ಆಗ ಒಂದರ ತುಂಡನ್ನು ಇನ್ನೊಂದಕ್ಕೆ ಜೋಡಿಸಲು ಆಗುವುದಿಲ್ಲ. ಕೈಗಡಿಯಾರ, ಬಳೆ ತೆಗೆದಿಡಿ. ಸರಸರ ಸದ್ದು ಮಾಡುವ ಬಟ್ಟೆ ಬೇಡ. ಕುರ್ಚಿ ಕಿರುಗುಟ್ಟಿದರೆ ಮೊದಲೇ ಬದಲಿಸಿ. ಹೆಡ್‌ಫೋನ್‌ನ ಕ್ಲಿಕ್ ಸೋರಿ ಮೈಕ್‌ಗೆ ಹೋಗುತ್ತದೆ. ಹಾಡಿನ ಕೊನೆಯ ಕಾರ್ಡ್ ಆರುವಾಗ ಹಿಂದೆ ಟಿಕ್ ಟಿಕ್ ಕೇಳಿ ಒಳ್ಳೆಯ ಟೇಕ್ ಹಾಳಾದದ್ದನ್ನು ನೋಡಿದ್ದೇನೆ. ಕೊನೆಯ ಬಾರ್‌ನಲ್ಲಿ ಕ್ಲಿಕ್ ನಿಲ್ಲಿಸಿ ಅಂತ ಮುಂಚೆಯೇ ಕೇಳಿ.

ಹೆಡ್‌ಫೋನ್‌ನಲ್ಲಿ ಹಾಡುವವರ ದನಿ ಜೋರಾಗಿ ಕೇಳಿಸಿಕೊಳ್ಳಿ. ನಿಮ್ಮ ಗಿಟಾರ್ ಸ್ವಲ್ಪ ಕಡಿಮೆ ಇರಲಿ. ನಿಮ್ಮದೇ ಜೋರಾದರೆ ನೀವು ಮೆತ್ತಗೆ ನುಡಿಸುತ್ತೀರಿ, ಹಾಡು ನಿಮಗೆ ಕೇಳುವುದೇ ಇಲ್ಲ.

ಟೇಕ್ ನಡೆಯುವಾಗ ತಪ್ಪಾದರೆ ನಿಲ್ಲಿಸಬೇಡಿ. ಮುಖವನ್ನೂ ಸಿಂಡರಿಸಬೇಡಿ. ಮುಂದಿನ ಅರವತ್ತು ಬಾರ್ ಚೆನ್ನಾಗಿ ಬರಬಹುದು. ತಪ್ಪಿದ ಎರಡು ಬಾರ್ ಪಂಚ್ ಮಾಡಿದರಾಯಿತು, ಅಂದರೆ ಅಷ್ಟನ್ನು ಮಾತ್ರ ಮತ್ತೆ ರೆಕಾರ್ಡ್ ಮಾಡಿ ಕೂಡಿಸಿದರಾಯಿತು. ಪಂಚ್ ಮಾಡುವಾಗ ಎರಡು ಬಾರ್ ಮುಂಚಿನಿಂದ, ಹಳೆಯ ಟೇಕ್‌ನ ಜೊತೆಜೊತೆಗೇ, ಅಷ್ಟೇ ಬಲದಲ್ಲಿ ನುಡಿಸುತ್ತ ಬನ್ನಿ. ತಪ್ಪಿದ ಜಾಗ ದಾಟಿದ ಮೇಲೂ ಇನ್ನೊಂದು ಬಾರ್ ಮುಂದುವರಿಸಿ. ಹಾಗೆ ಮಾಡಿದರೆ ಹೊಲಿಗೆ ಕಾಣುವುದಿಲ್ಲ.

ಇನ್ನು ಮಾತನ್ನು ದನಿಯಾಗಿ ಮಾಡುವುದು. ಇದು ನನಗೆ ತುಂಬಾ ಇಷ್ಟವಾದ ಭಾಗ. ಅವರು "ಸ್ವಲ್ಪ ಬೆಚ್ಚಗೆ" ಅನ್ನುತ್ತಾರೆ. ಅದರ ಅರ್ಥ: ಕುತ್ತಿಗೆ ಕಡೆಯ ಪಿಕಪ್, ಟೋನ್ ನಾಬ್ ಕೆಳಗೆ, ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸ. "ಚುರುಕಾಗಿರಲಿ" ಅಂದರೆ ಬ್ರಿಡ್ಜ್ ಹತ್ತಿರ ಮೀಟಿ, ಸ್ವರ ಚಿಕ್ಕದಾಗಿ ಕತ್ತರಿಸಿ. "ತುಂಬಾ ಆಯ್ತು" ಅಂದರೆ ಬಹಳ ಸಲ ಸ್ವರ ಕಡಿಮೆ ಮಾಡಿ ಅಂತ, ದನಿ ಕಡಿಮೆ ಮಾಡಿ ಅಂತ ಅಲ್ಲ. ಒಮ್ಮೆ ಒಬ್ಬ ಸಂಗೀತ ನಿರ್ದೇಶಕರು "ಮಳೆ ನಿಂತ ಮೇಲೆ ಎಲೆಯಿಂದ ಹನಿ ಬೀಳುತ್ತಲ್ಲ, ಹಾಗೆ" ಅಂದರು. ನಾನು ಹನ್ನೆರಡನೇ ಫ್ರೆಟ್ ಮೇಲೆ ಹಾರ್ಮಾನಿಕ್ಸ್, ಅಂದರೆ ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ತೆಗೆಯುವ ಸ್ವರ, ನುಡಿಸಿದೆ. ಪ್ರತಿ ಬಾರ್‌ನಲ್ಲೂ ಬೇರೆ ಬೀಟ್ ಮೇಲೆ, ಪ್ರತಿಧ್ವನಿ ಕೊಡುವ ಡಿಲೇ ಹಾಕಿ. ಅವರು ಕಣ್ಣು ಮುಚ್ಚಿ ತಲೆದೂಗಿದರು. ಹೀಗೆ ಹೇಳುವವರು ಸಿಕ್ಕರೆ ಪುಣ್ಯ. ಇ ಮೈನರ್ ನುಡಿಸಿ ಅನ್ನುವುದಕ್ಕಿಂತ ಇದರಲ್ಲಿ ಅವರ ಹಾಡು ಜಾಸ್ತಿ ಸಿಗುತ್ತದೆ.

ನಿಮ್ಮ ಯೋಚನೆ ಕೇಳಿದರೆ ಎರಡೋ ಮೂರೋ ಕೊಡಿ. ಸರಳವಾದದ್ದನ್ನು ಮೊದಲು ನುಡಿಸಿ. ಅದನ್ನೇ ಹೆಚ್ಚು ಸಲ ಆರಿಸುತ್ತಾರೆ. "ಸಾಕು, ಚೆನ್ನಾಗಿದೆ" ಅಂದ ಮೇಲೆ ಇನ್ನೊಂದು ತೋರಿಸುತ್ತೇನೆ ಅನ್ನಬೇಡಿ.

ಒಂದೇ ಭಾಗವನ್ನು ಎರಡು ಸಲ ರೆಕಾರ್ಡ್ ಮಾಡುವ ಡಬ್ಲಿಂಗ್ ಬಗ್ಗೆ ಒಂದು ಮಾತು. ಒಂದೇ ಟೇಕ್ ಅನ್ನು ನಕಲು ಮಾಡಿ ಎಡಕ್ಕೆ ಒಂದು, ಬಲಕ್ಕೆ ಒಂದು ಇಟ್ಟರೆ ಅಗಲ ಬರುವುದಿಲ್ಲ. ಅದೇ ದನಿ ನಡುವೆ ಜೋರಾಗುತ್ತದೆ. ಎರಡನೇ ಸಲ ನಿಜವಾಗಿಯೂ ನುಡಿಸಬೇಕು. ಆ ಕೂದಲೆಳೆಯ ವ್ಯತ್ಯಾಸದಿಂದಲೇ ಅಗಲ ಬರುವುದು. ನಾನು ಎರಡನೆಯದಕ್ಕೆ ಕೈಯ ಆಕಾರವನ್ನೂ ಬದಲಿಸುತ್ತೇನೆ. ಮೊದಲನೆಯದು ಖಾಲಿ ತಂತಿಯ ಜಿ ಕಾರ್ಡ್ ಆದರೆ ಎರಡನೆಯದು ಐದನೇ ಫ್ರೆಟ್‌ಗೆ ಕೇಪೊ ಹಾಕಿ ಡಿ ಆಕಾರ. ಕಾರ್ಡ್ ಅದೇ ಜಿ. ಆದರೆ ಸ್ವರಗಳು ಬೇರೆ ಎತ್ತರದಲ್ಲಿ ಕೂರುತ್ತವೆ.

ಮನೆಯಿಂದ ಕಳಿಸುವ ಟ್ರ್ಯಾಕ್

ಈಗ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಬರುತ್ತದೆ. ಹಾಡು ಕಳಿಸುತ್ತಾರೆ, ನಾನು ಇಲ್ಲಿ ನುಡಿಸಿ ಫೈಲ್ ಕಳಿಸುತ್ತೇನೆ. ಎದುರಿಗೆ ಯಾರೂ ಇರುವುದಿಲ್ಲ. ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿ. ಸ್ಯಾಂಪಲ್ ರೇಟ್ (ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಅನ್ನುವ ಲೆಕ್ಕ) ಎಷ್ಟು, ಟೆಂಪೊ ಎಷ್ಟು, ಮಧ್ಯೆ ಟೆಂಪೊ ಬದಲಾಗುತ್ತದಾ, ಯಾವ ಹಾಡಿನಂಥ ದನಿ ಮನಸ್ಸಿನಲ್ಲಿದೆ.

ಒಮ್ಮೆ ನಾನು ಈ ಮೊದಲ ಪ್ರಶ್ನೆ ಕೇಳಲಿಲ್ಲ. ಅವರ ಪ್ರಾಜೆಕ್ಟ್ 48 ಕಿಲೋಹರ್ಟ್ಸ್, ನಾನು ಕಳಿಸಿದ್ದು 44.1. ಅದು ಪರಿವರ್ತನೆ ಆಗದೆ ಅಲ್ಲಿ ಕೂತು ಬಿಟ್ಟಿತು. ಗಿಟಾರ್ ಸುಮಾರು ಒಂದೂವರೆ ಸೆಮಿಟೋನ್ ಮೇಲಕ್ಕೆ ಹೋಗಿ ವೇಗವಾಗಿ ಓಡಿತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಮರುದಿನ ಬೆಳಿಗ್ಗೆ ಮಿಕ್ಸ್ ಇತ್ತು. ಈಗ ಕೇಳದೆ ಒಂದು ತಂತಿಯನ್ನೂ ಮುಟ್ಟುವುದಿಲ್ಲ.

ಫೈಲ್ 24 ಬಿಟ್ ವೇವ್ ಇರಲಿ. ಹಾಡಿನಲ್ಲಿ ನೀವು ಮೂರನೇ ನಿಮಿಷಕ್ಕೆ ನುಡಿಸಿದ್ದರೂ ಫೈಲ್ ಮೊದಲ ಬಾರ್‌ನ ಶುರುವಿನಿಂದಲೇ ಇರಬೇಕು. ಅವರು ಎಳೆದು ಹಾಕಿದರೆ ಸಾಕು, ಸರಿಯಾದ ಜಾಗದಲ್ಲಿ ಕೂರಬೇಕು. ಹೆಸರಿನಲ್ಲಿ ಹಾಡು, ಟೆಂಪೊ, ಯಾವ ಗಿಟಾರ್, ಎಡವಾ ಬಲವಾ ಅಂತ ಬರೆಯಿರಿ. "ಗಿಟಾರ್ ಹೊಸದು ಕೊನೆಯದು 2" ಅನ್ನುವಂಥ ಹೆಸರು ಬೇಡ. ಲೆವೆಲ್ ಜೋರಾಗಿ ಇಡುವ ಅಗತ್ಯ ಇಲ್ಲ. ಅತಿ ಜೋರಿನ ಜಾಗ ಮೈನಸ್ 10 ಡೆಸಿಬೆಲ್ ಆಸುಪಾಸು ಇದ್ದರೆ ಧಾರಾಳ. ಒಡೆದ ದನಿಯನ್ನು ಆಮೇಲೆ ಯಾರೂ ಸರಿ ಮಾಡಲಾರರು.

ಎಲೆಕ್ಟ್ರಿಕ್ ಆದರೆ ಎರಡು ಕಳಿಸಿ. ನೀವು ಕೂಡಿಸಿದ ದನಿ ಒಂದು, ಆಂಪ್ ಇಲ್ಲದ ನೇರ ಡಿಐ ಇನ್ನೊಂದು. ಅವರಿಗೆ ನಿಮ್ಮ ದನಿ ಇಷ್ಟವಾಗದಿದ್ದರೆ ಡಿಐ ಅನ್ನು ಬೇರೆ ಆಂಪ್‌ಗೆ ಹಾಯಿಸಿಕೊಳ್ಳುತ್ತಾರೆ. ನಿಮ್ಮನ್ನು ಮತ್ತೆ ನುಡಿಸಲು ಕೇಳಬೇಕಾಗಿಲ್ಲ. ರಿವರ್ಬ್, ಡಿಲೇ ದನಿಯ ಜೀವವೇ ಆಗಿದ್ದರೆ ಹಾಕಿದ್ದು, ಹಾಕದ್ದು ಎರಡನ್ನೂ ಕೊಡಿ.

ನುಡಿಸುವಾಗ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ದನಿಯ ತುಂಡು, 128 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಅಂದರೆ 3 ಮಿಲಿಸೆಕೆಂಡ್‌ಗಿಂತ ಕಡಿಮೆ. 1024 ಇದ್ದರೆ 21 ಮಿಲಿಸೆಕೆಂಡ್ ದಾಟುತ್ತದೆ. ಬೆರಳು ಮೀಟಿದ್ದಕ್ಕೂ ಕಿವಿಗೆ ಬಂದದ್ದಕ್ಕೂ ಅಷ್ಟು ಅಂತರ ಇದ್ದರೆ ಎಂಥ ಲಯವೂ ಹಾಳಾಗುತ್ತದೆ.

ಕೆಲಸ ಸಿಗುವುದು, ಹಣ, ಲೆಕ್ಕ

ನನ್ನನ್ನು ಮೊದಲು ಕರೆದವರು ಒಬ್ಬ ಎಂಜಿನಿಯರ್. ಅವರ ಗೆಳೆಯರ ಹಾಡಿಗೆ ನಾನು ನುಡಿಸಿದ್ದನ್ನು ಕೇಳಿದ್ದರು. ಹೀಗೆಯೇ ಆಗುವುದು. ಅರೇಂಜರ್‌ಗಳು, ಎಂಜಿನಿಯರ್‌ಗಳು, ಮತ್ತು ಬೇರೆ ಗಿಟಾರ್ ವಾದಕರು. ಕೊನೆಯವರನ್ನು ಮರೆಯಬೇಡಿ. ಅವರಿಗೆ ಬಿಡುವಿಲ್ಲದ ದಿನ ಅವರು ಯಾರ ಹೆಸರು ಹೇಳುತ್ತಾರೋ ಅವರಿಗೆ ಕೆಲಸ. ಇನ್ನೊಬ್ಬರ ಬದಲಿಗೆ ಹೋದಾಗ ಅವರ ಜಾಗ ಹಿಡಿಯಲು ನೋಡಬೇಡಿ. ಅಲ್ಲಿ ನಡೆದದ್ದನ್ನು ಅವರಿಗೆ ಫೋನ್ ಮಾಡಿ ಹೇಳಿ.

ಅಮೆರಿಕದ ಸೆಷನ್ ವಾದಕಿ ಕ್ಯಾರಲ್ ಕೇ ಅವರ ವಿಷಯ ನಾನು ಎಲ್ಲರಿಗೂ ಹೇಳುತ್ತೇನೆ. ಜಾಝ್ ಕ್ಲಬ್‌ಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 1957ರಲ್ಲಿ ಸೆಷನ್‌ಗೆ ಬಂದರು. 1963ರಲ್ಲಿ ಒಂದು ಸೆಷನ್‌ಗೆ ಬೇಸ್ ವಾದಕರು ಬರಲಿಲ್ಲ, ಇವರು ಬೇಸ್ ಹಿಡಿದರು. ಆಮೇಲೆ ಅದರಲ್ಲೇ ಪ್ರಸಿದ್ಧರಾದರು. ಆ ದಿನ ಕೋಣೆಯಲ್ಲಿದ್ದ ಚಿಂತೆ ಬೇಸ್‌ನದು. ಅದನ್ನು ಅವರು ಕಳೆದರು.

ಹಣದ ಮಾತನ್ನು ನುಡಿಸುವ ಮುಂಚೆ ಆಡಿ. ಹಾಡಿಗೆ ಇಷ್ಟಾ, ಗಂಟೆಗೆ ಇಷ್ಟಾ, ಸೆಷನ್‌ಗೆ ಇಷ್ಟಾ? ಅಮೆರಿಕ, ಬ್ರಿಟನ್‌ನ ವಾದಕರ ಸಂಘಗಳ ಲೆಕ್ಕದಲ್ಲಿ ಒಂದು ಸೆಷನ್ ಅಂದರೆ ಸಾಮಾನ್ಯವಾಗಿ ಮೂರು ಗಂಟೆ. ನೀವು ಎಲ್ಲಿದ್ದರೂ ಎಷ್ಟು ಹೊತ್ತು, ಎಷ್ಟು ಟ್ರ್ಯಾಕ್, ಎಷ್ಟು ಸಲ ತಿದ್ದಿಕೊಡುತ್ತೀರಿ ಅಂತ ಮೊದಲೇ ಹೇಳಿ. ಒಂದು ಮೆಸೇಜ್‌ನಲ್ಲಾದರೂ ಬರಹದಲ್ಲಿರಲಿ. ನಾನು ಎರಡು ಸಲ ತಿದ್ದಿಕೊಡುತ್ತೇನೆ. ಮೂರನೆಯದಕ್ಕೆ ಬೇರೆ ಲೆಕ್ಕ. ಒಮ್ಮೆ ಕೊಟ್ಟ ಹಣಕ್ಕೆ ಎಲ್ಲ ಹಕ್ಕೂ ಹೋಗುತ್ತದಾ, ಪ್ರಸಾರದ ಪಾಲು ವಾದಕರಿಗೂ ಬರುತ್ತದಾ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ವಾದಕರಿಗೂ ತಮ್ಮ ನುಡಿಸುವಿಕೆಯ ಮೇಲೆ ರಕ್ಷಣೆ ಇದೆ ಎಂದು 1961ರ ರೋಮ್ ಒಪ್ಪಂದ ಹೇಳಿತು. ನಿಮ್ಮಲ್ಲಿ ಅದು ಹೇಗೆ ಜಾರಿಯಲ್ಲಿದೆ ಅಂತ ವಾದಕರ ಸಂಘದಲ್ಲಿ ಕೇಳಿ ತಿಳಿದುಕೊಳ್ಳಿ. ಸಹಿ ಹಾಕುವ ಕಾಗದ ಪೂರ್ತಿ ಓದಿ.

ಹೊರಬರದ ಹಾಡಿನ ಬಗ್ಗೆ ಹೊರಗೆ ಮಾತಾಡಬೇಡಿ. ಸ್ಟುಡಿಯೋದಲ್ಲಿ ಫೋನ್ ತೆಗೆದು ವಿಡಿಯೋ ಮಾಡಬೇಡಿ. ಕೇಳಿದರೂ ಹಾಡು ಬರುವವರೆಗೆ ಹಾಕಬೇಡಿ.

ಪ್ರತಿ ಸೆಷನ್ ಮುಗಿದ ಮೇಲೆ ಚೀಲ ಮುಚ್ಚುವ ಮುಂಚೆ ನಾನು ಹತ್ತು ನಿಮಿಷ ಕೂತು ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ತಾರೀಕು, ಹಾಡಿನ ಹೆಸರು, ಯಾರು ಕರೆದರು, ಎಷ್ಟು ಹೊತ್ತು, ಏನು ನುಡಿಸಿದೆ, ಹಣ ಬಂತಾ ಬಾಕಿಯಾ. ಕೆಳಗೆ ಯಾವ ಗಿಟಾರ್, ಯಾವ ಪಿಕಪ್, ಯಾವ ತಂತಿ, ಕೇಪೊ ಎಲ್ಲಿ, ಆಂಪ್‌ನ ನಾಬ್‌ಗಳು ಎಷ್ಟೆಷ್ಟರಲ್ಲಿ. ನಾಬ್‌ಗಳ ಒಂದು ಫೋಟೋ ಕೂಡ. ಹೋದ ವರ್ಷ ಒಬ್ಬ ಅರೇಂಜರ್ ಫೋನ್ ಮಾಡಿದರು. ಏಳು ತಿಂಗಳ ಹಿಂದಿನ ಹಾಡಿಗೆ ಕೊನೆಯಲ್ಲಿ ಎಂಟು ಬಾರ್ ಸೇರಿಸಬೇಕಿತ್ತು. "ಆ ದನಿ ಮತ್ತೆ ಬರುತ್ತಾ?" ಅಂತ ಅಳುಕುತ್ತಲೇ ಕೇಳಿದರು. ನಾನು ಪುಟ ತಿರುಗಿಸಿದೆ. ಹಂಬಕರ್, ಕುತ್ತಿಗೆ ಕಡೆ, ಟೋನ್ ನಾಬ್ 4ರಲ್ಲಿ, ಎರಡನೇ ಫ್ರೆಟ್‌ಗೆ ಕೇಪೊ, ಪಿಕ್ ಇಲ್ಲ, ಹೆಬ್ಬೆರಳು. ಸಂಜೆಯೊಳಗೆ ಎಂಟು ಬಾರ್ ಕಳಿಸಿದೆ. ಅವರು ಹಳೆಯ ಟ್ರ್ಯಾಕ್‌ನ ಪಕ್ಕ ಇಟ್ಟು ಕೇಳಿ, "ಸೇರಿದ್ದು ಎಲ್ಲಿ ಅಂತ ನನಗೇ ಗೊತ್ತಾಗ್ತಿಲ್ಲ" ಅಂತ ಬರೆದರು.